ಕಿಂಬರ್‌ಲೈಟ್, ವಜ್ರ, ಮ್ಯಾಂಟಲ್: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ವರ್ಷಗಟ್ಟಲೆ ಭೂವಿಜ್ಞಾನ ಪಾಠ ಮಾಡಿದವನು ನಾನು. ಊರಲ್ಲಿ ನನಗೆ 'ಕಲ್ಲು ಮೇಷ್ಟ್ರು' ಅಂತಲೇ ಹೆಸರು. ಮದುವೆ ಊಟದ ಪಂಕ್ತಿಯಲ್ಲಿ, ಅಡಿಕೆ ಮಂಡಿಯ ಜಗುಲಿಯಲ್ಲಿ, ಸಾಗರದ ಬಸ್ಸಿನಲ್ಲಿ ಜನ ಕೇಳುವ ಪ್ರಶ್ನೆಗಳು ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತವೆ: ವಜ್ರ. ನನಗೋ ವಜ್ರಕ್ಕಿಂತ ಅದನ್ನು ಹೊತ್ತು ತಂದ ಕಲ್ಲಿನ ಮೇಲೇ ಪ್ರೀತಿ ಜಾಸ್ತಿ. ಎರಡನ್ನೂ ಸೇರಿಸಿ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವುದು ಆಮೇಲೆ.

## ಮೊದಲು ಕಲ್ಲಿನ ಮಾತು

ಮೇಷ್ಟ್ರೇ, ತೋಟದಲ್ಲಿ ಗುಂಡಿ ತೆಗೆಯುವಾಗ ಹೊಳೆಯೋ ಕಲ್ಲು ಸಿಕ್ಕಿದೆ. ವಜ್ರ ಇರಬಹುದಾ?

ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಬೆಣಚುಕಲ್ಲು. ತೀರ್ಥಹಳ್ಳಿ ಕಡೆಯ ಒಬ್ಬರು ಒಮ್ಮೆ ವೀಳ್ಯದೆಲೆಯಲ್ಲಿ ಸುತ್ತಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಒಂದು ಕಲ್ಲು ತಂದಿದ್ದರು. ಹೆಬ್ಬೆರಳಿನಷ್ಟು ದಪ್ಪ. ಒಂದು ತುದಿ ಚೂಪು. ಲೆನ್ಸ್ ಹಿಡಿದು ನೋಡಿದೆ. ಕಂಬದ ಹಾಗೆ ಆರು ಮುಖ, ಪ್ರತಿ ಮುಖದ ಮೇಲೂ ಅಡ್ಡಡ್ಡಕ್ಕೆ ಕೂದಲೆಳೆಯಂಥ ಗೆರೆಗಳು. ಅಲ್ಲಿಗೆ ತೀರ್ಪು ಆಗಿಹೋಯಿತು. ವಜ್ರದ ಹರಳು ಆರು ಮುಖದ ಕಂಬವಾಗಿ ಬೆಳೆಯುವುದಿಲ್ಲ. ಎರಡು ಗೋಪುರಗಳ ಬುಡ ಸೇರಿಸಿದ ಹಾಗೆ ಎಂಟು ಮುಖ ಇರುವುದು ಅದರ ಸಹಜ ರೂಪ.

ಅವರಿಗೆ ಸಮಾಧಾನ ಆಗಲಿಲ್ಲ. "ಗಾಜು ಗೀರುತ್ತೆ ಸಾರ್" ಅಂದರು. ಬೆಣಚುಕಲ್ಲೂ ಗಾಜು ಗೀರುತ್ತದೆ, ಅದು ಪರೀಕ್ಷೆಯೇ ಅಲ್ಲ. ಕೊನೆಗೆ ತಕ್ಕಡಿ ತೆಗೆದೆವು. ಗಾಳಿಯಲ್ಲಿ 21 ಗ್ರಾಂ, ದಾರ ಕಟ್ಟಿ ನೀರಿನಲ್ಲಿ ಇಳಿಬಿಟ್ಟರೆ 13 ಗ್ರಾಂ. ಕಡಿಮೆಯಾದ 8ರಿಂದ 21ನ್ನು ಭಾಗಿಸಿದರೆ 2.6 ಚಿಲ್ಲರೆ, ಅಂದರೆ ನೀರಿಗಿಂತ ಅಷ್ಟು ಪಟ್ಟು ಭಾರ. ಬೆಣಚುಕಲ್ಲಿನದು 2.65. ವಜ್ರ ಆಗಿದ್ದರೆ 3.5 ಬರಬೇಕಿತ್ತು. ಈ ಪರೀಕ್ಷೆಯನ್ನು ಯಾವ ಚಿನ್ನದ ಅಂಗಡಿಯ ತಕ್ಕಡಿಯಲ್ಲೂ ಮಾಡಬಹುದು. ಸುತ್ತಿಗೆಯಲ್ಲಿ ಹೊಡೆದು ಮಾತ್ರ ನೋಡಬೇಡಿ. ವಜ್ರ ಗಟ್ಟಿ ನಿಜ, ಆದರೆ ಸರಿಯಾದ ಜಾಗಕ್ಕೆ ಏಟು ಬಿದ್ದರೆ ಸೀಳಿಹೋಗುತ್ತದೆ.

ಕಿಂಬರ್‌ಲೈಟ್ ಅಂದರೆ ಏನು?

ಭೂಮಿಯ ತೀರಾ ಆಳದಿಂದ, ಅಂದರೆ 150 ಕಿಲೋಮೀಟರಿಗಿಂತಲೂ ಕೆಳಗಿನಿಂದ ಮೇಲೆ ನುಗ್ಗಿ ಬಂದ ಜ್ವಾಲಾಮುಖಿಯ ಕಲ್ಲು. ಹೊಸದಾಗಿ ಒಡೆದರೆ ನೀಲಿ-ಬೂದು ಬಣ್ಣ. ಒಳಗೆ ಆಲಿವಿನ್ ಅನ್ನುವ ಹಸಿರು ಖನಿಜ, ಹೊಳೆಯುವ ಅಭ್ರಕ, ಸುಣ್ಣದ ಅಂಶ, ಜೊತೆಗೆ ದಾರಿಯಲ್ಲಿ ಕಿತ್ತುಕೊಂಡು ಬಂದ ಬೇರೆ ಬೇರೆ ಕಲ್ಲಿನ ತುಂಡುಗಳು. ಮಿಕ್ಚರ್ ಪೊಟ್ಟಣದ ಹಾಗೆ, ಕೈಹಾಕಿದರೆ ಏನು ಬೇಕಾದರೂ ಬರಬಹುದು.

ಮಳೆ-ಗಾಳಿಗೆ ಬೇಗ ಕೊಳೆತು ಹಳದಿ ಮಣ್ಣಾಗುತ್ತದೆ. ಅದರ ಕಿಂಡಿ ಮೇಲೆ ಅಗಲ, ಕೆಳಗೆ ಹೋದಂತೆ ಕಿರಿದು, ಥೇಟ್ ಕ್ಯಾರೆಟ್ ಆಕಾರ. ಇದನ್ನೇ 'ಪೈಪ್' ಅನ್ನುತ್ತಾರೆ.

ಆ ಹೆಸರು ಎಲ್ಲಿಂದ ಬಂತು?

ದಕ್ಷಿಣ ಆಫ್ರಿಕಾದ ಕಿಂಬರ್ಲಿ ಊರಿನಿಂದ. 1867ರ ಹೊತ್ತಿಗೆ ಅಲ್ಲಿನ ಆರೆಂಜ್ ನದಿ ಸೀಮೆಯಲ್ಲಿ ವಜ್ರ ಸಿಕ್ಕಿತು. ನಾಲ್ಕು ವರ್ಷದಲ್ಲಿ ಕಿಂಬರ್ಲಿಯಲ್ಲಿ ಜನ ಜಾತ್ರೆಯಂತೆ ಸೇರಿ ಗುದ್ದಲಿ ಹಿಡಿದರು. ಅದಕ್ಕೂ ಮೊದಲು ವಜ್ರ ಅಂದರೆ ಹೊಳೆ ಮರಳಿನಲ್ಲಿ ಸಿಗುವ ವಸ್ತು ಅಂತಲೇ ಎಲ್ಲರ ನಂಬಿಕೆ. ಇಲ್ಲಿ ಹೊಳೆಯೇ ಇಲ್ಲದ ಕಡೆ, ಅಗೆದಷ್ಟೂ ಕೆಳಕ್ಕೆ ವಜ್ರ ಹೋಗುತ್ತಲೇ ಇತ್ತು. 1871ರಿಂದ 1914ರವರೆಗೆ ಅಗೆದ ಆ ಗುಂಡಿಯಿಂದ ಸುಮಾರು 2,700 ಕಿಲೋ ವಜ್ರ ಬಂತು. ತೆಗೆದ ಮಣ್ಣು ಎರಡು ಕೋಟಿ ಟನ್ನಿಗೂ ಮೇಲೆ. 1887ರಲ್ಲಿ ಭೂವಿಜ್ಞಾನಿ ಹೆನ್ರಿ ಕಾರ್ವಿಲ್ ಲೂಯಿಸ್ ಈ ಕಲ್ಲಿಗೆ ಕಿಂಬರ್‌ಲೈಟ್ ಅಂತ ಹೆಸರಿಟ್ಟ.

ಅಲ್ಲಿನ ಒಂದು ಉಪಾಯ ನನಗೆ ಬಹಳ ಇಷ್ಟ. ಪುಡಿ ಮಾಡಿದ ಕಲ್ಲನ್ನು ನೀರಿನ ಜೊತೆ ಗ್ರೀಸ್ ಬಳಿದ ಮೇಜಿನ ಮೇಲೆ ಹರಿಸುತ್ತಿದ್ದರು. ಬೇರೆ ಕಲ್ಲೆಲ್ಲ ಒದ್ದೆಯಾಗಿ ಜಾರಿಹೋಗುತ್ತದೆ. ವಜ್ರಕ್ಕೆ ನೀರು ಹಿಡಿಯುವುದಿಲ್ಲ, ಗ್ರೀಸಿಗೆ ಅಂಟಿಕೊಳ್ಳುತ್ತದೆ. ಕೆಸುವಿನ ಎಲೆ ಮೇಲೆ ನೀರು ನಿಲ್ಲುವುದಿಲ್ಲವಲ್ಲ, ಹೆಚ್ಚುಕಮ್ಮಿ ಅದೇ ಗುಣ.

ಕಲ್ಲಿದ್ದಲು ಒತ್ತಿ ಒತ್ತಿ ವಜ್ರ ಆಗುತ್ತದೆ ಅಂತ ಓದಿದ್ದೆವಲ್ಲ?

ಸುಳ್ಳು. ಕಲ್ಲಿದ್ದಲು ಗಿಡಮರಗಳಿಂದ ಆದದ್ದು. ನೆಲದ ಮೇಲೆ ಗಿಡ ಅಂತ ಕಾಣಿಸಿಕೊಂಡು 50 ಕೋಟಿ ವರ್ಷವೂ ಆಗಿಲ್ಲ. ಬಹುಪಾಲು ವಜ್ರಗಳಿಗೆ 100 ಕೋಟಿ ವರ್ಷಕ್ಕೂ ಮೇಲೆ ವಯಸ್ಸು. ಅಜ್ಜನಿಗೆ ಮೊಮ್ಮಗ ಜನ್ಮ ಕೊಟ್ಟ ಅಂದ ಹಾಗಾಯಿತು.

## ನಮ್ಮ ನೆಲದ ಮಾತು

ಸಹ್ಯಾದ್ರಿ ಪೂರ್ತಿ ಜ್ವಾಲಾಮುಖಿಯಿಂದ ಆದದ್ದು ಅಲ್ವಾ? ಹಾಗಾದ್ರೆ ನಮ್ಮಲ್ಲೂ ಇರಬೇಕಲ್ಲ?

ಮಹಾರಾಷ್ಟ್ರದ ಸಹ್ಯಾದ್ರಿ ಹೌದು. ಅಲ್ಲಿ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ಪದರ ಪದರವಾಗಿ ಕೂತಿದೆ. ಆ ಲಾವಾ ನಮ್ಮ ಕಡೆ ಬೆಳಗಾವಿ ಸೀಮೆಗೇ ಮುಗಿದುಹೋಗುತ್ತದೆ. ಜೋಗದಲ್ಲಿ ಶರಾವತಿ 253 ಮೀಟರ್ ಧುಮುಕುವುದು ಗ್ನೈಸ್ ಅನ್ನುವ ಪಟ್ಟೆ ಪಟ್ಟೆಯ ಬಂಡೆಯ ಮೇಲಿಂದ. ಅದು 300 ಕೋಟಿ ವರ್ಷದ ಆಸುಪಾಸಿನ ಕಲ್ಲು. ಕುದುರೆಮುಖ, ಬಾಬಾಬುಡನ್‌ಗಿರಿಯ ಕಬ್ಬಿಣದ ಕಲ್ಲಿಗೂ ಅದಕ್ಕಿಂತ ಸ್ವಲ್ಪವೇ ಚಿಕ್ಕ ವಯಸ್ಸು.

ಜ್ವಾಲಾಮುಖಿ ನಮ್ಮಲ್ಲಿ ಇರಲೇ ಇಲ್ಲ ಅಂತಲ್ಲ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬಿನ ರಾಶಿಯಂತೆ ಕಾಣುವ ಲಾವಾ ಇದೆ. ಸಮುದ್ರದ ನೀರಿನೊಳಗೆ ಉಕ್ಕಿ ಉಂಡೆ ಉಂಡೆಯಾಗಿ ಹೆಪ್ಪುಗಟ್ಟಿದ್ದು. ಘಟ್ಟ ಇಳಿದರೆ ಮಲ್ಪೆಯ ಎದುರು ಸೇಂಟ್ ಮೇರಿ ದ್ವೀಪದ ಕಲ್ಲುಕಂಬಗಳಿವೆ. ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡು ಹೋದ ಕಾಲದವು, ಸುಮಾರು 8.8 ಕೋಟಿ ವರ್ಷ. ಆದರೆ ಇವ್ಯಾವೂ ಕಿಂಬರ್‌ಲೈಟ್ ಅಲ್ಲ. ಜ್ವಾಲಾಮುಖಿಯಲ್ಲಿ ನೂರು ಜಾತಿ, ಕಿಂಬರ್‌ಲೈಟ್ ಅದರಲ್ಲಿ ಒಂದು ಅಪರೂಪದ್ದು.

ಹಾಗಾದ್ರೆ ಕರ್ನಾಟಕದಲ್ಲಿ ಎಲ್ಲೂ ಇಲ್ವಾ?

ಇದೆ, ರಾಯಚೂರು ಸೀಮೆಯಲ್ಲಿ. ಅದರ ಪಕ್ಕಕ್ಕೆ ತೆಲಂಗಾಣದ ನಾರಾಯಣಪೇಟೆ, ಬಳ್ಳಾರಿ ದಾಟಿ ಗುಂತಕಲ್ ಹತ್ತಿರ ಆಂಧ್ರದ ವಜ್ರಕರೂರು. ಹೆಸರಲ್ಲೇ ವಜ್ರ ಇದೆ ನೋಡಿ. ಅಲ್ಲಿನ ಹೆಚ್ಚಿನ ಪೈಪ್‌ಗಳು ಸುಮಾರು 110 ಕೋಟಿ ವರ್ಷದ ಹಿಂದೆ ಎದ್ದವು.

ಭೂವಿಜ್ಞಾನಿಗಳು ಈ ಇಡೀ ನೆಲಕ್ಕೆ ಧಾರವಾಡ ಕ್ರೇಟಾನ್ ಅನ್ನುತ್ತಾರೆ. ಕ್ರೇಟಾನ್ ಅಂದರೆ ಕೋಟ್ಯಂತರ ವರ್ಷ ಅಲ್ಲಾಡದೆ ಉಳಿದ ಹಳೇ ನೆಲ. ಅದರಲ್ಲಿ ಪಶ್ಚಿಮದ್ದು ಒಂದು ಭಾಗ, ಪೂರ್ವದ್ದು ಒಂದು ಭಾಗ. ನಾವು ಪಶ್ಚಿಮದವರು. ಹೆಸರಾದ ಕಿಂಬರ್‌ಲೈಟೆಲ್ಲ ಪೂರ್ವದವರ ಪಾಲಿಗೆ ಹೋಗಿದೆ. ಕೂಡ್ಲಿಯಲ್ಲಿ ತುಂಗೆ-ಭದ್ರೆ ಸೇರುವುದನ್ನು ನೋಡಿದ್ದೀರಲ್ಲ, ಆ ನೀರು ಮುಂದೆ ಆ ಸೀಮೆಯ ಪಕ್ಕದಲ್ಲೇ ಹರಿದು ಕೃಷ್ಣೆಯನ್ನು ಸೇರುತ್ತದೆ. ನಮ್ಮ ಪಾಲಿಗೆ ಬಂದದ್ದು ಕಬ್ಬಿಣ, ಮ್ಯಾಂಗನೀಸ್, ಹೊನ್ನಾಳಿ ಸುತ್ತಿನ ಹಳೇ ಚಿನ್ನದ ಗುಂಡಿಗಳು. ಭದ್ರಾವತಿಯ ಕಾರ್ಖಾನೆ ಕಂಡವರಿಗೆ ಅದೇನೂ ಕಡಿಮೆ ಪಾಲು ಅನ್ನಿಸಲಾರದು.

ಜಂಬಿಟ್ಟಿಗೆ ಅಡಿಯಲ್ಲಿ ಅಡಗಿ ಕೂತಿದ್ರೆ? ಯಾರಿಗೆ ಗೊತ್ತು?

ಒಳ್ಳೆ ಪ್ರಶ್ನೆ. ಕೇಳಿದವಳು ಹತ್ತನೇ ಕ್ಲಾಸಿನ ಹುಡುಗಿ. ಮಲೆನಾಡಿನ ಮಳೆಗೆ ಯಾವ ಕಲ್ಲಾದರೂ ಕೊಳೆತು ಕೆಂಪಾಗುತ್ತದೆ. ಕಿಂಬರ್‌ಲೈಟಿನಂಥ ಮೆತ್ತನೆ ಕಲ್ಲು ಮೊದಲೇ ಮಣ್ಣಾಗಿಬಿಡುತ್ತದೆ. ಹಾಗಾಗಿ ಕಣ್ಣಿಗೆ ಕಾಣುತ್ತಿಲ್ಲ ಅನ್ನುವುದೊಂದೇ ಸಾಕ್ಷಿ ಆಗುವುದಿಲ್ಲ.

ಆದರೆ ಹುಡುಕುವವರು ಕಲ್ಲನ್ನು ಹುಡುಕುವುದೇ ಇಲ್ಲ, ಅದರ ಜೊತೆಗಾರರನ್ನು ಹುಡುಕುತ್ತಾರೆ. ಹಳ್ಳದ ಮರಳು ತಂದು ಜಾಲಿಸಿ, ತಳದಲ್ಲಿ ಉಳಿದ ಭಾರದ ಕಾಳುಗಳನ್ನು ಲೆನ್ಸಿನ ಕೆಳಗೆ ಆರಿಸುತ್ತಾರೆ. ನೇರಳೆ-ಕೆಂಪಿನ ಪೈರೋಪ್ ಗಾರ್ನೆಟ್, ಪಚ್ಚೆ ಹಸಿರಿನ ಕ್ರೋಮ್ ಡಯಾಪ್ಸೈಡ್, ಕಪ್ಪು ಇಲ್ಮೆನೈಟ್. ಇವು ಸಿಕ್ಕರೆ ಹಳ್ಳದ ಮೇಲ್ಮುಖವಾಗಿ ನಡೆದು ಎಲ್ಲಿ ನಿಂತುಹೋಗುತ್ತವೋ ನೋಡುತ್ತಾರೆ. ಜೊತೆಗೆ ನೆಲದ ಕಾಂತಶಕ್ತಿಯ ಸರ್ವೆಯೂ ಇರುತ್ತದೆ. ಕೆನಡಾದ ಹಿಮದ ನಾಡಿನಲ್ಲಿ ಇದೇ ಥರ ಕಾಳಿನ ಜಾಡು ಹಿಡಿದು ಹೋದವರಿಗೆ 1991ರಲ್ಲಿ ಪೈಪ್ ಸಿಕ್ಕಿತು.

ಒಂದು ಎಚ್ಚರಿಕೆ. ನಮ್ಮ ಹಳ್ಳಗಳಲ್ಲೂ ಕೆಂಪು ಗಾರ್ನೆಟ್ ಸಿಗುತ್ತದೆ, ಅದನ್ನು ಕಂಡು ಕುಣಿಯಬೇಡಿ. ಅದು ಅಭ್ರಕದ ಕಲ್ಲಿನಲ್ಲಿ ಬೆಳೆದ ಆಲ್ಮಂಡೈನ್, ಮೇಲ್ನೆಲದ ಸರಕು. ಲ್ಯಾಬಿನಲ್ಲಿ ಕ್ರೋಮಿಯಂ ಎಷ್ಟಿದೆ ಅಂತ ನೋಡದೆ ಏನೂ ಹೇಳಲಾಗದು.

ಆಂಧ್ರದಲ್ಲಿ ಮಳೆ ಬಂದ ಮೇಲೆ ಹೊಲದಲ್ಲಿ ವಜ್ರ ಆರಿಸ್ತಾರಂತೆ, ನಿಜವಾ?

ನಿಜ. ಅನಂತಪುರ, ಕರ್ನೂಲು ಕಡೆ ಮುಂಗಾರಿನ ಮೊದಲ ಮಳೆ ಬಿದ್ದರೆ ಜನ ಬುತ್ತಿ ಕಟ್ಟಿಕೊಂಡು ಹೊಲಕ್ಕಿಳಿಯುತ್ತಾರೆ. ಕೊಳೆತ ಕಲ್ಲಿನಿಂದ ಬಿಡಿಸಿಕೊಂಡ ಹರಳು ಮಣ್ಣಲ್ಲಿ ಹೂತಿರುತ್ತದೆ, ಮಳೆ ಮೇಲ್ಮಣ್ಣು ತೊಳೆದಾಗ ಹೊರಗೆ ಇಣುಕುತ್ತದೆ. ಅಪರೂಪಕ್ಕೆ ಒಬ್ಬರಿಗೆ ಸಿಗುತ್ತದೆ, ಸಿಕ್ಕಿದ್ದು ಮಾತ್ರ ಪೇಪರಿನಲ್ಲಿ ಬರುತ್ತದೆ. ಬರಿಗೈಯಲ್ಲಿ ಮನೆಗೆ ಹೋದವರ ಸುದ್ದಿ ಯಾರು ಬರೆಯುತ್ತಾರೆ?

## ಒಳಗೇನಿದೆ

ಮ್ಯಾಂಟಲ್ ಅಂದರೆ ಕುದಿಯೋ ಲಾವಾ ಸಮುದ್ರ ಅಲ್ವಾ?

ಅಲ್ಲ, ಗಟ್ಟಿ ಕಲ್ಲು. ಶಾಲೆಯ ಚಿತ್ರದಲ್ಲಿ ಕೆಂಪು ಬಣ್ಣ ಬಳಿದು ಬಳಿದು ಈ ತಪ್ಪು ಎಲ್ಲರ ತಲೆಯಲ್ಲೂ ಕೂತಿದೆ. ಮೇಲಿನ ಭೂಕವಚ ನಮ್ಮ ಮಲೆನಾಡಿನ ಕೆಳಗೆ 40ರಿಂದ 50 ಕಿಲೋಮೀಟರ್ ದಪ್ಪ. ಅದರ ಕೆಳಗಿನಿಂದ ಸುಮಾರು 2,900 ಕಿಲೋಮೀಟರಿನವರೆಗೆ ಮ್ಯಾಂಟಲ್. ಭೂಮಿಯ ಗಾತ್ರದಲ್ಲಿ ನೂರಕ್ಕೆ 84 ಪಾಲು ಅದೇ. ನಾವು ಭೂಮಿ ಅನ್ನುವುದೇ ಹೆಚ್ಚುಕಮ್ಮಿ ಮ್ಯಾಂಟಲನ್ನು.

ಗಟ್ಟಿ ಕಲ್ಲಾದರೂ ಅದು ಹರಿಯುತ್ತದೆ, ವರ್ಷಕ್ಕೆ ಕೆಲವು ಸೆಂಟಿಮೀಟರ್. ಇದೆಂಥಾ ಮಾತು ಅನ್ನುವವರನ್ನು ನಮ್ಮ ಹಳೇ ಮನೆಯ ಅಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ. ಅಜ್ಜನ ಕಾಲದಿಂದ ಅಡಿಕೆ ಮೂಟೆ ಹೊತ್ತ ತೊಲೆ ನಡುವಿನಲ್ಲಿ ನಾಲ್ಕು ಬೆರಳು ಜಗ್ಗಿದೆ. ಬಿರುಕಿಲ್ಲ, ಮುರಿದಿಲ್ಲ. ಬಡಿದರೆ ಠಣ್ ಅನ್ನುತ್ತದೆ. ಆದರೂ ಬಾಗಿದೆ. ಭಾರ ಮತ್ತು ಕಾಲ ಎರಡೂ ಸಾಕಷ್ಟಿದ್ದರೆ ಗಟ್ಟಿ ವಸ್ತುವೂ ಜರುಗುತ್ತದೆ. ಮ್ಯಾಂಟಲಿಗೆ ಇವೆರಡರ ಜೊತೆ ಬಿಸಿಯೂ ಇದೆ.

ಸುಮ್ನೆ ಕೊರೆದು ನೋಡಬಾರದಾ?

ರಷ್ಯಾದವರು ತಮ್ಮ ಉತ್ತರ ತುದಿಯ ಕೋಲಾ ಅನ್ನುವ ಕಡೆ ಕೊರೆದರು. 1989ರಲ್ಲಿ 12,262 ಮೀಟರ್ ಮುಟ್ಟಿದರು. ತಳದಲ್ಲಿ 180 ಡಿಗ್ರಿ ಬಿಸಿ, ಕಲ್ಲು ಮೆತ್ತಗಾಗಿ ಮುಂದೆ ಹೋಗಲಾಗಲಿಲ್ಲ. ಅದಿನ್ನೂ ಭೂಕವಚದ ಮೂರನೇ ಒಂದು ಪಾಲು. ನಮ್ಮ ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗೂ ಆಳ ಹೋಗಿತ್ತು, ಅಲ್ಲಿ ಇಳಿದವರಿಗೆ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಹಲಸಿನ ಹಣ್ಣಿಗೆ ಹೋಲಿಸಿದರೆ, ಮುಳ್ಳಿನ ತುದಿಯನ್ನಷ್ಟೇ ನಾವು ಕೆರೆದಿರುವುದು.

ನೋಡಿಯೇ ಇಲ್ಲ ಅಂದ ಮೇಲೆ ಇಷ್ಟೆಲ್ಲ ಹೇಗೆ ಗೊತ್ತಾಯ್ತು?

ಭೂಕಂಪದ ಅಲೆಗಳಿಂದ. ಹಲಸಿನಕಾಯಿ ಬಲಿತಿದೆಯಾ ಅಂತ ತಟ್ಟಿ, ಶಬ್ದ ಕೇಳಿ ಹೇಳುತ್ತೇವಲ್ಲ, ಅದೇ ಕೆಲಸ. ಭೂಕಂಪ ಆದಾಗ ಭೂಮಿಯನ್ನು ಯಾರೋ ತಟ್ಟಿದ ಹಾಗೆ. ಅಲೆ ಇನ್ನೊಂದು ಬದಿಗೆ ಹಾದುಬರಲು ಇಪ್ಪತ್ತು ನಿಮಿಷ ಸಾಕು. ಎಷ್ಟು ಹೊತ್ತಿಗೆ ಬಂತು, ಎಲ್ಲಿ ತಿರುಗಿತು ಅಂತ ಲೆಕ್ಕ ಹಾಕಿದರೆ ಒಳಗಿನ ಪದರ ಗೊತ್ತಾಗುತ್ತದೆ.

1909ರಲ್ಲಿ ಕ್ರೊಯೇಷಿಯಾದ ಆಂದ್ರಿಯಾ ಮೊಹೊರೊವಿಚಿಚ್ ಹೀಗೆಯೇ ಭೂಕವಚದ ತಳ ಎಲ್ಲಿ ಮುಗಿಯುತ್ತದೆ ಅಂತ ಕಂಡುಹಿಡಿದರು. ಅಲ್ಲಿಂದ ಕೆಳಗೆ ಅಲೆಯ ವೇಗ ಒಮ್ಮೆಲೇ ಸೆಕೆಂಡಿಗೆ 8 ಕಿಲೋಮೀಟರಿಗೆ ಏರುತ್ತದೆ. 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮನ್, ಮ್ಯಾಂಟಲಿನ ಕೆಳಗಿರುವ ಕೇಂದ್ರಗೋಳದ ಒಳಗೆ ಇನ್ನೊಂದು ಗೋಳ ಇದೆ ಅಂದರು. ಅಡ್ಡಡ್ಡಕ್ಕೆ ತುಯ್ಯುವ ಎಸ್ ಅಲೆಗಳು ದ್ರವದಲ್ಲಿ ಹಾಯುವುದಿಲ್ಲ, ಆದರೆ ಮ್ಯಾಂಟಲಿನ ಉದ್ದಕ್ಕೂ ಹಾಯುತ್ತವೆ. ಮ್ಯಾಂಟಲ್ ಗಟ್ಟಿ ಅಂತ ನಾನು ಧೈರ್ಯವಾಗಿ ಹೇಳಿದ್ದು ಅದಕ್ಕೇ.

410 ಮತ್ತು 660 ಕಿಲೋಮೀಟರ್ ಆಳದಲ್ಲೂ ವೇಗ ಜಿಗಿಯುತ್ತದೆ. ಅಲ್ಲಿ ಕಲ್ಲಿನ ಜಾತಿ ಬದಲಾಗುವುದಕ್ಕಿಂತ ಹೆಚ್ಚಾಗಿ ಅದರ ಒಳಗಿನ ಜೋಡಣೆ ಬದಲಾಗುತ್ತದೆ. ಒತ್ತಡಕ್ಕೆ ಆಲಿವಿನ್‌ನ ಅಣುಗಳು ಇನ್ನಷ್ಟು ಒತ್ತಾಗಿ ಕೂರುತ್ತವೆ, ಸಂತೆ ದಿನದ ಬಸ್ಸಿನಲ್ಲಿ ಜನ ಸರಿದು ಕೂತ ಹಾಗೆ.

ಅಷ್ಟು ಆಳದಿಂದ ಕಿಂಬರ್‌ಲೈಟ್ ಮಾತ್ರ ಹೇಗೆ ಮೇಲೆ ಬಂತು?

ಗ್ಯಾಸಿನ ಬಲದಿಂದ. ಆಳದ ಮ್ಯಾಂಟಲಿನಲ್ಲಿ ನೂರಕ್ಕೆ ಒಂದು ಪಾಲಿಗೂ ಕಡಿಮೆ ಕರಗಿ ಹುಟ್ಟುವ ರಸ ಅದು. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಅಂಶ ವಿಪರೀತ. ಮಾಮೂಲಿ ಲಾವಾ ಜೋನಿ ಬೆಲ್ಲ ಆದರೆ ಇದು ಮಜ್ಜಿಗೆ, ಅಷ್ಟು ತೆಳು.

ನಿಂಬೆ ಸೋಡಾ ಮಾಡುವವನು ಗೋಲಿ ಸೋಡಾಕ್ಕೆ ಒಂದು ಚಿಟಿಕೆ ಉಪ್ಪು ಹಾಕಿದ ತಕ್ಷಣ ಬುಸ್ಸನೆ ಉಕ್ಕುತ್ತದಲ್ಲ, ಕಿಂಬರ್‌ಲೈಟಿನ ದಾರಿಯಲ್ಲೂ ಅಂಥದ್ದೊಂದು ನಡೆಯುತ್ತದೆ ಅಂತ 2012ರಲ್ಲಿ ಕೆಲವರು ಪ್ರಯೋಗ ಮಾಡಿ ತೋರಿಸಿದರು. ಏರುತ್ತಾ ಬರುವ ರಸ ಪಕ್ಕದ ಕಲ್ಲಿನಿಂದ ಪೈರಾಕ್ಸೀನ್ ಅನ್ನುವ, ಸಿಲಿಕಾ (ಬೆಣಚುಕಲ್ಲಿನ ಅಂಶ) ಇರುವ ಖನಿಜದ ಕಾಳುಗಳನ್ನು ಕಿತ್ತು ಕರಗಿಸಿಕೊಳ್ಳುತ್ತದೆ. ಸಿಲಿಕಾ ಜಾಸ್ತಿ ಆದಂತೆ ಗ್ಯಾಸನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ. ಗ್ಯಾಸ್ ಹೊರಬಿದ್ದಷ್ಟೂ ರಸ ಹಗುರ, ಹಗುರ ಆದಷ್ಟೂ ಓಟ. ಸೋಡಾದ ಉಪ್ಪಿನ ರಸಾಯನ ಬೇರೆ, ಆದರೆ ಉಕ್ಕುವ ಪರಿ ಇದೇ. ಮೇಲೆ ಬರಲು ತಗಲುವ ಸಮಯ ಕೆಲವು ಗಂಟೆಗಳಿಂದ ಕೆಲವು ದಿನ ಅಂತ ಅಂದಾಜು.

ಈ ಅವಸರ ವಜ್ರದ ಪುಣ್ಯ. ನಿಧಾನಕ್ಕೆ ಬಂದಿದ್ದರೆ ಒತ್ತಡ ಇಳಿಯುತ್ತಾ, ಬಿಸಿ ಹಾಗೇ ಇದ್ದು, ಪೆನ್ಸಿಲ್ಲಿನ ಗ್ರ್ಯಾಫೈಟ್ ಆಗಿಬಿಡುತ್ತಿತ್ತು. ಊಹೆಯಲ್ಲ ಇದು. ಮೊರಾಕ್ಕೋದ ಬೆನಿ ಬುಸೇರಾದಲ್ಲಿ ಮ್ಯಾಂಟಲಿನ ಕಲ್ಲು ನಿಧಾನವಾಗಿ ಮೇಲೆ ಬಂದಿದೆ. ಅಲ್ಲಿ ಎಂಟು ಮುಖದ ಹರಳುಗಳೇ ಸಿಗುತ್ತವೆ, ಆಕಾರ ಪಕ್ಕಾ ವಜ್ರದ್ದು, ಒಳಗೆಲ್ಲ ಕರಿ ಗ್ರ್ಯಾಫೈಟ್.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಹಳೇ ನೆಲದಲ್ಲೇ ವಜ್ರ ಯಾಕೆ?

ಹಳೇ ಕ್ರೇಟಾನಿಗೆ ಕೆಳಗೆ ದಪ್ಪನೆಯ ಬೇರು ಇರುತ್ತದೆ, 200 ಕಿಲೋಮೀಟರಿನಷ್ಟು. ಆ ಬೇರು ಸುತ್ತಲಿನ ಮ್ಯಾಂಟಲಿಗಿಂತ ತಂಪು. ವಜ್ರಕ್ಕೆ 150 ಕಿಲೋಮೀಟರ್ ಆಳದ ಒತ್ತಡ ಬೇಕು, ಆದರೆ ಬಿಸಿ ಅತಿಯಾಗಬಾರದು. 900ರಿಂದ 1,300 ಡಿಗ್ರಿ ಹದ. ಆ ಹದ ಸಿಗುವುದು ಬೇರಿನ ತಳದಲ್ಲಿ. ಗಣಿಗೆ ಯೋಗ್ಯವಾದ ಕಿಂಬರ್‌ಲೈಟ್ ಹಳೇ ನೆಲದಲ್ಲೇ ಇರುತ್ತದೆ ಅಂತ 1966ರಲ್ಲಿ ಭೂವಿಜ್ಞಾನಿ ಕ್ಲಿಫರ್ಡ್ ಹೇಳಿದ ಮಾತನ್ನು ಹುಡುಕಾಟದವರು ಇಂದಿಗೂ ಮರೆತಿಲ್ಲ.

ವಯಸ್ಸಿನ ಲೆಕ್ಕವೂ ಇದಕ್ಕೆ ಹೊಂದುತ್ತದೆ. ವಜ್ರ ಬರೀ ಇಂಗಾಲ, ಅದರ ವಯಸ್ಸು ನೇರ ತಿಳಿಯದು. ಅದರೊಳಗೆ ಸಿಕ್ಕಿಕೊಂಡ ಗಾರ್ನೆಟ್, ಗಂಧಕದ ಕಣಗಳ ವಯಸ್ಸು ಅಳೆಯುತ್ತಾರೆ. ಕಿಂಬರ್ಲಿಯ ವಜ್ರಗಳಲ್ಲಿ 320 ಕೋಟಿ ವರ್ಷ ಬಂತು. ಅವನ್ನು ಹೊತ್ತು ತಂದ ಪೈಪ್ ಹತ್ತಿರತ್ತಿರ 9 ಕೋಟಿ ವರ್ಷದ್ದು. ಅಂದರೆ ವಜ್ರ ಪ್ರಯಾಣಿಕ, ಕಿಂಬರ್‌ಲೈಟ್ ಬಸ್ಸು. ಸ್ಟಾಪಿನಲ್ಲಿ ಕಾದದ್ದು 300 ಕೋಟಿ ವರ್ಷ, ಪ್ರಯಾಣ ಮುಗಿದದ್ದು ಕೆಲವೇ ದಿನದಲ್ಲಿ.

ವಜ್ರ ಸಿಗದ ಕಿಂಬರ್‌ಲೈಟ್ ಕಂಡರೆ ನಿಮಗೆ ಯಾಕೆ ಅಷ್ಟು ಖುಷಿ?

ಕೋಲಾದಲ್ಲಿ ಇಪ್ಪತ್ತು ವರ್ಷ ಕೊರೆದರೂ ಸಿಗದ ಮ್ಯಾಂಟಲ್, ಇಲ್ಲಿ ಅಂಗೈ ಮೇಲೆ ಬಂದು ಕೂರುತ್ತದೆ! ಅನಂತಪುರ ಸೀಮೆಯ ಕಲ್ಯಾಣದುರ್ಗದ ಒಂದು ಪೈಪಿನಲ್ಲಿ ಎಕ್ಲೋಜೈಟ್ ಅನ್ನುವ ಕಲ್ಲಿನ ತುಂಡುಗಳಿವೆ. ಕೆಂಪು ಗಾರ್ನೆಟ್, ಹಸಿರು ಪೈರಾಕ್ಸೀನ್, ನೋಡಲು ದಾಳಿಂಬೆ ಮತ್ತು ಹೆಸರುಕಾಳು ಬೆರೆಸಿದ ಕೋಸಂಬರಿ. ಬಹಳಷ್ಟು ಎಕ್ಲೋಜೈಟ್ ಒಂದು ಕಾಲದ ಸಮುದ್ರದ ತಳ ಅಂತ ನಂಬಿಕೆ. ಅದು ಕೆಳಗೆ ಮುಳುಗಿ, ಬೆಂದು, ಕಿಂಬರ್‌ಲೈಟಿನ ಜೊತೆ ವಾಪಸು ಬಂದಿದೆ.

2014ರಲ್ಲಿ ಬ್ರೆಜಿಲ್‌ನ ಜುಯಿನಾದ ಒಂದು ವಜ್ರ ಸುದ್ದಿಯಾಯಿತು. ಆಭರಣದ ಅಂಗಡಿಯವರು ಮೂಸಿಯೂ ನೋಡದ ಕಂದು ಬಣ್ಣದ ಚೂರು. ಅದರೊಳಗೆ ಕೂದಲೆಳೆಗಿಂತ ತೆಳುವಾದ ರಿಂಗ್‌ವುಡೈಟ್ ಕಣ ಸಿಕ್ಕಿತು, 410ರಿಂದ 660 ಕಿಲೋಮೀಟರ್ ನಡುವಿನ ಖನಿಜ. ಅದರ ತೂಕದಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ನೀರು. ಆ ಆಳದಲ್ಲಿ ಕಲ್ಲಿನೊಳಗೆ ನೀರು ಅಡಗಿದೆ ಅನ್ನುವುದಕ್ಕೆ ಕೈಗೆ ಸಿಕ್ಕ ಸಾಕ್ಷಿ ಅದು. ಹೊಳೆಯುವ ವಜ್ರದಲ್ಲಿ ಇಂಥ 'ಕಸ' ಇದ್ದರೆ ಬೆಲೆ ಇಳಿಯುತ್ತದೆ, ನಮ್ಮಂಥವರಿಗೆ ಕಸವೇ ಕಾಸು.

ಎಲ್ಲಿ, ಯಾವಾಗ ಏಳಬೇಕು ಅಂತ ಕಿಂಬರ್‌ಲೈಟಿಗೆ ಯಾರು ಹೇಳ್ತಾರೆ?

ಇಲ್ಲಿ ಜಗಳ ಇನ್ನೂ ಮುಗಿದಿಲ್ಲ. ಮ್ಯಾಂಟಲಿನ ತಳದಲ್ಲಿ, ಆಫ್ರಿಕಾದ ಕೆಳಗೆ ಒಂದು, ಪೆಸಿಫಿಕ್ ಸಾಗರದ ಕೆಳಗೆ ಒಂದು ಭಾರೀ ಗುಡ್ಡೆಗಳಿವೆ. ಭೂಕಂಪದ ಅಲೆ ಅಲ್ಲಿ ನಿಧಾನವಾಗುವುದರಿಂದ ಅವುಗಳ ಇರವು ತಿಳಿದದ್ದು. 2010ರ ಒಂದು ಅಧ್ಯಯನದಲ್ಲಿ ಖಂಡಗಳನ್ನು ಹಳೇ ಜಾಗಕ್ಕೆ ಸರಿಸಿ ನೋಡಿದರು. ಕಳೆದ 32 ಕೋಟಿ ವರ್ಷದ ಕಿಂಬರ್‌ಲೈಟ್‌ಗಳಲ್ಲಿ ನೂರಕ್ಕೆ 80ರಷ್ಟು ಈ ಗುಡ್ಡೆಗಳ ಅಂಚಿನ ಮೇಲಿದ್ದಾಗಲೇ ಎದ್ದಿದ್ದವು. ಅಂಚಿನಿಂದ ಬಿಸಿ ಮೇಲೇಳುತ್ತದೆ ಅನ್ನುವುದು ಅವರ ವಾದ.

2023ರಲ್ಲಿ ಬೇರೊಂದು ತಂಡ ಖಂಡ ಒಡೆಯುವುದಕ್ಕೆ ಗಂಟು ಹಾಕಿತು. ಖಂಡ ಸೀಳಿದ ಎರಡೂವರೆ-ಮೂರು ಕೋಟಿ ವರ್ಷದ ನಂತರ ಕಿಂಬರ್‌ಲೈಟ್ ಹೆಚ್ಚಾಗುತ್ತದೆ, ಸೀಳಿನ ಹತ್ತಿರ ಶುರುವಾದ ಕಲಕಾಟ ಬೇರಿನ ತಳವನ್ನು ಸವೆಸುತ್ತಾ ಖಂಡದ ಒಳಕ್ಕೆ ಹೋಗುತ್ತದೆ ಅಂತ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಒಪ್ಪಿತ. ಕೆಳಗಿನ ಬಿಸಿ ಒಂದೇ ಆದರೆ ಕಾಲದ ಈ ಲೆಕ್ಕ ಹೊಂದುವುದು ಕಷ್ಟ. ಆದರೆ ನಮ್ಮ ವಜ್ರಕರೂರಿನಂಥ 110 ಕೋಟಿ ವರ್ಷದ ಪೈಪ್‌ಗಳಿಗೆ ಬಂದರೆ ಎರಡೂ ವಾದ ತಡವರಿಸುತ್ತವೆ. ಅಷ್ಟು ಹಿಂದಿನ ನಕ್ಷೆ ಯಾರ ಹತ್ತಿರವೂ ಸರಿಯಾಗಿಲ್ಲ.

ಮತ್ತೆ ಯಾವತ್ತಾದ್ರೂ ಸಿಡಿಯುತ್ತಾ? ನಾವಿರೋವಾಗ?

ಕಿಂಬರ್‌ಲೈಟ್ ಸಿಡಿಯುವುದನ್ನು ನೋಡಿ ಬರೆದಿಟ್ಟವರು ಯಾರೂ ಇಲ್ಲ. ಜಗತ್ತಿನ ಹೆಚ್ಚಿನ ಪೈಪ್‌ಗಳು ಕೋಟಿ ಕೋಟಿ ವರ್ಷ ಹಳೆಯವು. ಒಂದೇ ಒಂದು ತಡವಾಗಿ ಬಂದದ್ದಿದೆ, ತಾಂಜಾನಿಯಾದ ಇಗ್ವಿಸಿ ಗುಡ್ಡಗಳು. ಸುಮಾರು 10-12 ಸಾವಿರ ವರ್ಷದ ಹಿಂದಿನವು, ಅಂದರೆ ಆಗ ಭೂಮಿಯ ಮೇಲೆ ಮನುಷ್ಯರಿದ್ದರು. ಸಣ್ಣ ಮೂರು ದಿಬ್ಬ, ನಡುವೆ ತಗ್ಗು, ಒಂದರಿಂದ ಸ್ವಲ್ಪ ದೂರ ಹರಿದ ಲಾವಾ. ಬೇರೆ ಕಡೆ ಮಳೆ-ಗಾಳಿ ಅಳಿಸಿಹಾಕಿದ ಬಾಯಿ ಅಲ್ಲಿ ಇನ್ನೂ ಉಳಿದಿದೆ. ಪಾಸ್‌ಪೋರ್ಟ್ ಮಾಡಿಸಿದ್ದು ಅದನ್ನು ನೋಡಬೇಕು ಅಂತಲೇ, ಇನ್ನೂ ಹೋಗಲಾಗಿಲ್ಲ.